ಹಳೇ ಔಟ್‌ಬೋರ್ಡ್ ಮೋಟಾರ್ ಕೊಳ್ಳುವ ಮುನ್ನ: ಎಂಜಿನ್ನಿನ ಹಿಂದಿನ ಬದುಕು ಪತ್ತೆ ಹಚ್ಚುವ ಬಗೆ

ಸಾಗರ, ಹೊಸನಗರ, ತುಮರಿ ಕಡೆ ಮಾರಾಟಕ್ಕೆ ಬರುವ, ದೋಣಿಯ ಹಿಂದೆ ಬಿಗಿಯುವ ಹಳೇ ಔಟ್‌ಬೋರ್ಡ್ ಮೋಟಾರ್‌ಗಳಲ್ಲಿ ಅನೇಕವು ಘಟ್ಟ ಹತ್ತಿ ಬಂದವು. ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಮಲ್ಪೆ, ಹೀಗೆ ಯಾವುದೋ ಬಂದರಿನಲ್ಲಿ ನಾಡದೋಣಿಯ ಹಿಂದೆ ನೇತಾಡಿಕೊಂಡು ಉಪ್ಪುನೀರಲ್ಲಿ ದುಡಿದಿರುತ್ತವೆ. ಇನ್ನು ಕೆಲವು ಇಲ್ಲೇ ಶರಾವತಿ ಹಿನ್ನೀರಿನಲ್ಲಿ ಮರದ ಬೊಡ್ಡೆಗಳಿಗೆ ಹೊಡೆತ ತಿಂದು, ಮಳೆಗಾಲ ಪೂರ್ತಿ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿರುತ್ತವೆ. ಮಾರುವವರು ಸುಳ್ಳು ಹೇಳುತ್ತಾರೆ ಅಂತಲ್ಲ. ಮೂರು ನಾಲ್ಕು ಕೈ ದಾಟಿ ಬಂದ ಮೋಟಾರಿನ ಕಥೆ ಅವರಿಗೇ ಪೂರ್ತಿ ಗೊತ್ತಿರುವುದಿಲ್ಲ. "ಒಂದೇ ಎಳೆತಕ್ಕೆ ಸ್ಟಾರ್ಟ್ ಆಗತ್ತೆ" ಅನ್ನುವ ಮಾತು ನಿಜವೇ ಇರಬಹುದು. ಆದರೆ ದಡದಲ್ಲಿ ಒಂದೇ ಎಳೆತಕ್ಕೆ ಸ್ಟಾರ್ಟ್ ಆದ ಮೋಟಾರ್ ನೀರಿನ ನಡುವೆ ಜಾಮ್ ಆಗಿ ನಿಲ್ಲಬಹುದು.

ಹಾಗಾಗಿ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಅಂತ ಕೇಳಿಕೊಳ್ಳುತ್ತೇನೆ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು ನಿಜ. ಆದರೂ ಹಿನ್ನೀರಿನ ಸುತ್ತಲ ಊರುಗಳಿಗೆ ದೋಣಿಯ ಅಗತ್ಯ ಪೂರ್ತಿ ತಪ್ಪಿಲ್ಲ. ಲಿಂಗನಮಕ್ಕಿ ಅಣೆಕಟ್ಟು 1819 ಅಡಿಗೆ ತುಂಬಿದಾಗ ನೀರು ಎಷ್ಟು ಅಗಲ ಹರಡುತ್ತದೆ ಅನ್ನುವುದು ಅಲ್ಲಿಯವರಿಗೆ ಗೊತ್ತು. ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ಚಿಕ್ಕ ದೋಣಿಗೆ ಅಲೆ ಸಣ್ಣದಲ್ಲ. ಆಗ ಎಂಜಿನ್ ಕೈಕೊಟ್ಟರೆ ಹುಟ್ಟು ಹಾಕಿ ದಡ ಸೇರುವುದು ಬಲು ಕಷ್ಟ.

ನಮ್ಮ ಕಡೆ ಕೊಳ್ಳುವವರು ಎಂಜಿನ್ನಿಗೆ ಕೇಳಬೇಕಾದ ಪ್ರಶ್ನೆ ನಾಲ್ಕು. ಉಪ್ಪುನೀರು ಕಂಡಿದೆಯಾ? ಸೀಮೆಎಣ್ಣೆಯಲ್ಲಿ ಓಡಿದೆಯಾ? ಬೊಡ್ಡೆಗೋ ಬಂಡೆಗೋ ಬಡಿದಿದೆಯಾ? ನೆರೆಯಲ್ಲಿ ಮುಳುಗಿದೆಯಾ, ಇಲ್ಲವೇ ವರ್ಷಗಟ್ಟಲೆ ಸುಮ್ನೆ ಬಿದ್ದಿತ್ತಾ? ಯಾವ ಉತ್ತರವನ್ನೂ ಒಂದೇ ಗುರುತು ನೋಡಿ ತೀರ್ಮಾನಿಸಬೇಡಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಗಗಳು ಒಂದೇ ಮಾತು ಹೇಳಿದರೆ ನಂಬಿ. ಒಂದು ಭಾಗ ಒಂದು ಹೇಳಿ ಇನ್ನೊಂದು ಬೇರೆ ಹೇಳಿದರೆ ಅಲ್ಲೇ ಏನೋ ಮುಚ್ಚಿದ್ದಾರೆ, ಇಲ್ಲ ಏನೋ ಬದಲಾಗಿದೆ ಅಂತ ಅರ್ಥ.

ಎಂಜಿನ್ ತಣ್ಣಗಿರುವಾಗಲೇ ಹೋಗಿ

ಹೋದ ಕೂಡಲೇ ಮೇಲಿನ ಮುಚ್ಚಳ ತೆಗೆದು ಸಿಲಿಂಡರ್ ಬ್ಲಾಕ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಓಡಿಸಿದ್ದಾರೆ. ಬಿಸಿ ಎಂಜಿನ್ ಬಹಳ ದೋಷ ಮುಚ್ಚುತ್ತದೆ. ಸವೆದ ಪಿಸ್ಟನ್ ರಿಂಗ್, ಕೊಳೆಯಾದ ಕಾರ್ಬುರೇಟರ್ ಎರಡರ ತೊಂದರೆಯೂ ಮೊದಲು ಕಾಣುವುದು ತಣ್ಣನೆ ಸ್ಟಾರ್ಟ್‌ನಲ್ಲಿ. ಬೇಜಾರು ಮಾಡಿಕೊಳ್ಳದೆ "ನಾಳೆ ಬೆಳಿಗ್ಗೆ ಬರ್ತೀನಿ, ಮುಟ್ಟಬೇಡಿ" ಅಂತ ಹೇಳಿ ಬನ್ನಿ.

ಆಮೇಲೆ ಸಂಖ್ಯೆಯ ಫಲಕ. ಇದು ಸಾಮಾನ್ಯವಾಗಿ ದೋಣಿಗೆ ಬಿಗಿಯುವ ಬ್ರಾಕೆಟ್ ಮೇಲೆ ಇರುತ್ತದೆ. ಗಮನಿಸಿ, ಅದು ಬ್ರಾಕೆಟ್ಟಿನ ಗುರುತು ಮಾತ್ರ. ಮೇಲಿನ ಎಂಜಿನ್ ಬ್ಲಾಕ್ ಬೇರೆ ಮೋಟಾರಿನದ್ದಾಗಿರಬಹುದು, ಕೆಳಗಿನ ಗೇರ್ ಕೇಸ್ ಮತ್ತೊಂದರದ್ದಾಗಿರಬಹುದು. ಮೂರು ಮೋಟಾರ್ ಸೇರಿಸಿ ಒಂದು ಮಾಡುವುದು ಹೊಸ ವಿಷಯವೇನಲ್ಲ. ಕೆಲವು ಕಂಪನಿಗಳು ಬ್ಲಾಕ್ ಮೇಲಿನ ಲೋಹದ ಬಿಲ್ಲೆಯಲ್ಲೂ ಸಂಖ್ಯೆ ಒತ್ತಿರುತ್ತವೆ. ಅಂಥ ಕಡೆ ಎರಡನ್ನೂ ತಾಳೆ ನೋಡಿ. ಬಣ್ಣದ ಛಾಯೆ ಮೂರು ಭಾಗಕ್ಕೂ ಒಂದೇ ಇದೆಯಾ ನೋಡಿ. ಹಾರ್ಸ್‌ಪವರ್ ಸ್ಟಿಕ್ಕರ್ ನಂಬಲೇಬೇಡಿ. 9.9 ಮತ್ತು 15 ಹಾರ್ಸ್‌ಪವರ್ ಮೋಟಾರ್‌ಗಳಿಗೆ ಹಲವು ಕಂಪನಿಗಳಲ್ಲಿ ಬ್ಲಾಕ್ ಒಂದೇ. ಸ್ಟಿಕ್ಕರ್ ಬದಲಿಸಿದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಮಾದರಿ ಸಂಕೇತ ಬರೆದುಕೊಂಡು ಆ ಕಂಪನಿಯ ಡೀಲರ್ ಹತ್ತಿರ ಕೇಳಿ.

ಹೊಸ ಮಾದರಿಯ, ಇಂಧನ ಇಂಜೆಕ್ಷನ್ ಇರುವ ನಾಲ್ಕು ಸ್ಟ್ರೋಕ್ ಮೋಟಾರಾದರೆ ಕೆಲಸ ಸ್ವಲ್ಪ ಸುಲಭ. ಅದರ ಕಂಪ್ಯೂಟರಿನಲ್ಲಿ ಓಡಿದ ಗಂಟೆ, ಬಂದ ದೋಷ ಸಂಕೇತ ಎರಡೂ ಉಳಿದಿರುತ್ತವೆ. ಯಮಹಾದ ಡಯಾಗ್ನೋಸ್ಟಿಕ್ ಸಿಸ್ಟಮ್ ಹಾಕಿದರೆ ಯಾವ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತುವ ಲೆಕ್ಕ) ಎಷ್ಟು ಗಂಟೆ ಓಡಿದೆ ಅನ್ನುವುದೂ ಬರುತ್ತದೆ. ಡೀಲರ್ ಲ್ಯಾಪ್‌ಟಾಪ್‌ನಲ್ಲಿ ಇದನ್ನು ತೆಗೆಸಿ. ನಮ್ಮ ಹಿನ್ನೀರಿನ ದೋಣಿಗಳಿಗೆ ಸಿಗುವ ಕಾರ್ಬುರೇಟರಿನ ಚಿಕ್ಕ ಮೋಟಾರ್‌ಗಳಲ್ಲಿ ಇದ್ಯಾವುದೂ ಇಲ್ಲ. ಅಲ್ಲಿ ಕಬ್ಬಿಣ, ಎಣ್ಣೆ, ಸ್ಪಾರ್ಕ್ ಪ್ಲಗ್ಗುಗಳನ್ನೇ ಓದಬೇಕು.

ಉಪ್ಪಿನ ಗುರುತು

ಹೊರಗೆ ಹೊಸ ಪೇಂಟ್ ಹೊಡೆದಿದ್ದರೆ ಒಳ್ಳೆಯದೆಂದು ತಿಳಿಯಬೇಡಿ. ಪೇಂಟಿನಡಿ ಗುಳ್ಳೆ ಎದ್ದಿದೆಯಾ ಅಂತ ಬೆರಳಾಡಿಸಿ ನೋಡಿ. ಗುಳ್ಳೆ ಒಡೆದರೆ ಬಿಳಿ ಪುಡಿ ಉದುರುತ್ತದೆ. ಅದು ಅಲ್ಯೂಮಿನಿಯಂ ತಿಂದು ಹೋದ ಗುರುತು. ಸ್ಟೀಲ್ ಬೋಲ್ಟು ಅಲ್ಯೂಮಿನಿಯಂ ಒಳಗೆ ಕೂತಿರುವ ಜಾಗದಲ್ಲಿ ಇದು ಜಾಸ್ತಿ. ಬಿಸಿಗೆ ತಕ್ಕಂತೆ ತಂಪಿನ ನೀರು ಬಿಡುವ ಥರ್ಮೋಸ್ಟ್ಯಾಟ್‌ನ ಮುಚ್ಚಳ, ಸಿಲಿಂಡರ್ ಹೆಡ್ಡಿನ ಅಂಚು, ಎಕ್ಸಾಸ್ಟ್ ಮುಚ್ಚಳ ಇವನ್ನು ಬಿಡದೆ ನೋಡಿ. ಮೋಟಾರನ್ನು ಎಡಕ್ಕೆ ಬಲಕ್ಕೆ ತಿರುಗಿಸಿ, ಮೇಲಕ್ಕೆ ಎತ್ತಿ ಇಳಿಸಿ. ಬಿಗಿಯಾಗಿದ್ದರೆ ಒಳಗಿನ ಪಿವಟ್‌ನಲ್ಲಿ ಉಪ್ಪು ಕಟ್ಟಿರಬಹುದು.

ಒಪ್ಪಿದರೆ ಥರ್ಮೋಸ್ಟ್ಯಾಟ್ ಮುಚ್ಚಳ ಬಿಚ್ಚಿಸಿ. ಒಳಗಿನ ನೀರಿನ ದಾರಿಯಲ್ಲಿ ಬಿಳಿ ಕರಟು ಕಟ್ಟಿದ್ದರೆ ಈ ಮೋಟಾರನ್ನು ಕಡಲಿಂದ ಬಂದ ಮೇಲೆ ಸಿಹಿನೀರಲ್ಲಿ ತೊಳೆದಿಲ್ಲ. ಕೆಲವರು "ಬೋಲ್ಟ್ ಮುರಿದೀತು" ಅಂತ ಬಿಚ್ಚಲು ಒಪ್ಪುವುದಿಲ್ಲ. ಆ ಹೆದರಿಕೆಯೇ ಒಂದು ಉತ್ತರ. ಬೋಲ್ಟ್ ಮುರಿಯುವಷ್ಟು ಹಿಡಿದಿದೆ ಅಂದರೆ ಉಪ್ಪು ಒಳಗೆ ಹೋಗಿದೆ.

ಆನೋಡ್ ಕೂಡ ನೋಡಿ. ಇದು ಮೋಟಾರ್ ಬದಲು ತಾನು ಸವೆಯಲಿ ಅಂತ ಹಾಕಿದ ಲೋಹದ ತುಂಡು. ಅರ್ಧ ಸವೆದಿದ್ದರೆ ಅದು ತನ್ನ ಕೆಲಸ ಮಾಡಿದೆ. ಪೂರ್ತಿ ಕರಗಿ ಹೋಗಿದ್ದರೆ ಮುಂದಿನ ಸರದಿ ಗೇರ್ ಕೇಸಿನದ್ದು. ಹಳೇ ಮೋಟಾರಿನಲ್ಲಿ ಆನೋಡ್ ಮಾತ್ರ ಹೊಸದರಂತೆ ಇದ್ದರೆ, ಒಂದೋ ಈಚೆಗೆ ಹಾಕಿದ್ದಾರೆ, ಇಲ್ಲವೇ ಅದರ ಮೇಲೆ ಪೇಂಟ್ ಹೊಡೆದು ಕೆಲಸ ಮಾಡದಂತೆ ಮಾಡಿದ್ದಾರೆ. ಇನ್ನೊಂದು ಮಾತು, ನಮ್ಮ ಕಡೆ ಇದನ್ನು ಹೇಳುವವರು ಕಡಿಮೆ: ಕಡಲಿಗೆ ಹಾಕುವ ಸತುವಿನ ಆನೋಡ್ ಸಿಹಿನೀರಲ್ಲಿ ಮೇಲ್ಪದರ ಕಟ್ಟಿಕೊಂಡು ಸುಮ್ಮನಾಗುತ್ತದೆ. ಮೋಟಾರ್ ಕೊಂಡು ತಂದರೆ ಸಿಹಿನೀರಿಗೆ ಹೊಂದುವ ಅಲ್ಯೂಮಿನಿಯಂ ಇಲ್ಲವೇ ಮೆಗ್ನೀಸಿಯಂ ಆನೋಡಿಗೆ ಬದಲಿಸಿ.

ಉಪ್ಪು ಕಂಡ ಮೋಟಾರೆಲ್ಲ ಬೇಡ ಅಂತ ನಾನು ಹೇಳುವುದಿಲ್ಲ. ದಿನಾ ತೊಳೆದು, ಗ್ರೀಸ್ ಹಾಕಿ ನೋಡಿಕೊಂಡ ಕಡಲ ಮೋಟಾರ್, ಹಿನ್ನೀರಲ್ಲಿ ಯಾರೂ ಕೇಳುವವರಿಲ್ಲದೆ ಓಡಿದ ಮೋಟಾರಿಗಿಂತ ಎಷ್ಟೋ ಮೇಲು.

ಸೀಮೆಎಣ್ಣೆ ಕುಡಿದ ಎಂಜಿನ್

ಕರಾವಳಿಯ ನಾಡದೋಣಿಗಳಿಗೆ ಸರ್ಕಾರ ಸಬ್ಸಿಡಿ ಸೀಮೆಎಣ್ಣೆ ಕೊಡುತ್ತಾ ಬಂದಿದೆ. ಅದಕ್ಕೆಂದೇ ಮಾಡಿದ ಸೀಮೆಎಣ್ಣೆ ಮಾದರಿ ಮೋಟಾರ್‌ಗಳಿವೆ. ಇವನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತರಬೇಕು. ಕಂಪನಿಯವರೇ ಇವುಗಳ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಕಡಿಮೆ ಇಟ್ಟಿರುತ್ತಾರೆ. ಕಾರಣ, ಸೀಮೆಎಣ್ಣೆ ಹೆಚ್ಚಿನ ಒತ್ತಡದಲ್ಲಿ ಬೇಗ ಬಡಿದು ಉರಿಯುತ್ತದೆ. ಅಂಥ ಮೋಟಾರನ್ನು ಇಲ್ಲಿ ಬರೀ ಪೆಟ್ರೋಲಿನಲ್ಲಿ ಓಡಿಸಿದರೆ ಓಡುತ್ತದೆ. ಆದರೆ ಪೆಟ್ರೋಲ್ ಮಾದರಿಯಷ್ಟು ಶಕ್ತಿ ಬರುವುದಿಲ್ಲ, ಖರ್ಚು ಜಾಸ್ತಿ.

ನಿಜವಾದ ಅಪಾಯ ಇರುವುದು ಪೆಟ್ರೋಲ್ ಮಾದರಿಗೆ ಸೀಮೆಎಣ್ಣೆ ಕುಡಿಸಿದಾಗ. ಗುರುತು ಹೀಗಿರುತ್ತದೆ: ಇಂಧನ ಪೈಪಿನಲ್ಲಿ ಆಮೇಲೆ ಸೇರಿಸಿದ ಎರಡು ದಾರಿಯ ನಲ್ಲಿ, ಕಾರ್ಬುರೇಟರಿನಲ್ಲಿ ಕೊರೆದು ಅಗಲ ಮಾಡಿದ ಜೆಟ್ (ಇಂಧನ ಬರುವ ಸಣ್ಣ ತೂತು), ಎಕ್ಸಾಸ್ಟ್ ಬಾಯಲ್ಲಿ ದಪ್ಪ ಎಣ್ಣೆಮಸಿ. ಎರಡೂ ಪ್ಲಗ್ ಬಿಚ್ಚಿ, ಯಾವುದು ಯಾವ ಸಿಲಿಂಡರಿನದ್ದು ಅಂತ ಗುರುತಿಟ್ಟು ಬಿಳಿ ಬಟ್ಟೆಯ ಮೇಲೆ ಇಡಿ. ತಿಳಿ ಕಂದು ಬಣ್ಣ ಒಳ್ಳೆಯದು. ಎರಡೂ ಒದ್ದೆ ಕಪ್ಪಾಗಿದ್ದರೆ ಎಣ್ಣೆ ಮಿಶ್ರಣ ಜಾಸ್ತಿ ಅಥವಾ ಸೀಮೆಎಣ್ಣೆ. ಒಂದೇ ಒಂದು ಪ್ಲಗ್ ತೊಳೆದಂತೆ ಬೆಳ್ಳಗಿದ್ದರೆ ಆ ಸಿಲಿಂಡರಿಗೆ ನೀರು ಹೋಗುತ್ತಿದೆ, ಹೆಡ್ ಗ್ಯಾಸ್ಕೆಟ್ ಅನುಮಾನಿಸಿ. ಪಿಂಗಾಣಿಯ ಮೇಲೆ ಸಣ್ಣ ಸಣ್ಣ ಹೊಳೆಯುವ ಚುಕ್ಕೆ ಕಂಡರೆ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಅಂಟಿದೆ. ಆ ಚುಕ್ಕೆ ಕಂಡಮೇಲೆ ಬೆಲೆಯ ಮಾತು ಬೇಡ, ಎದ್ದು ಬನ್ನಿ.

ಪ್ಲಗ್ಗುಗಳು ಹೊಚ್ಚ ಹೊಸದಾಗಿದ್ದರೆ? ಹಳೆಯದನ್ನು ಕೇಳಿ. ಇಲ್ಲದಿದ್ದರೆ ಫೋನಿಗೆ ಸಿಕ್ಕಿಸುವ ಸಣ್ಣ ಎಂಡೋಸ್ಕೋಪ್ ಕ್ಯಾಮೆರಾ ಪ್ಲಗ್ ತೂತಿನಿಂದ ಇಳಿಸಿ ಪಿಸ್ಟನ್ ತಲೆ, ಸಿಲಿಂಡರ್ ಗೋಡೆ ನೋಡಿ. ಉದ್ದುದ್ದ ಗೀರು ಇದ್ದರೆ ಎಂಜಿನ್ ಒಮ್ಮೆ ಬಿಸಿಗೆ ಹಿಡಿದುಕೊಂಡಿತ್ತು. ಸಿಲಿಂಡರ್ ಹೆಡ್ಡಿನ ಹೊರಗಿನ ಪೇಂಟ್ ಸುಟ್ಟು ಕಂದಾಗಿದೆಯಾ ಅಂತಲೂ ನೋಡಿ. ಗೀರು, ಸುಟ್ಟ ಪೇಂಟ್ ಎರಡೂ ಒಟ್ಟಿಗೆ ಇದ್ದರೆ ಅನುಮಾನವೇ ಬೇಡ.

ಬೊಡ್ಡೆ, ಬಲೆ, ಗೇರ್ ಕೇಸ್

ನಮ್ಮ ನೀರಿನ ದೊಡ್ಡ ಶತ್ರು ಇಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಕಾಡು, ತೋಟ, ರಸ್ತೆ, ಊರು ಎಲ್ಲಾ ಮುಳುಗಿದವು. ಬೇಸಿಗೆಯಲ್ಲಿ ನೀರು ಇಳಿದಾಗ ಆಗ ಮುಳುಗಿದ ಹಳೇ ಮಡೆನೂರು ಅಣೆಕಟ್ಟೆಯೇ ಮೇಲೆದ್ದು ಕಾಣುತ್ತದೆ, ಮರದ ಬೊಡ್ಡೆಗಳ ಮಾತು ಕೇಳಬೇಕಾ! ನೀರು ತುಂಬಿದಾಗಲ್ಲ, ಅರ್ಧ ಇಳಿದಾಗ ಇವು ಅಪಾಯ. ನೀರಿನ ಮೇಲ್ಮೈಗಿಂತ ಒಂದಡಿ ಕೆಳಗೆ ಇರುವ ಬೊಡ್ಡೆ ಕಣ್ಣಿಗೆ ಬೀಳುವುದಿಲ್ಲ, ಮೋಟಾರಿಗೆ ಸಿಗುತ್ತದೆ. ಆದ್ದರಿಂದ ಹಿನ್ನೀರಲ್ಲಿ ಓಡಿದ ಮೋಟಾರ್ ಅಂದರೆ ಮೊದಲು ಮೇಲಲ್ಲ, ಕೆಳಗೆ ನೋಡಿ.

ಪ್ರೊಪೆಲ್ಲರ್ ಕೆಳಗಿನ ಚೂಪು ರೆಕ್ಕೆಯನ್ನು ಸ್ಕೆಗ್ ಅನ್ನುತ್ತಾರೆ. ಅದು ಮೊಂಡಾಗಿದೆಯಾ, ವೆಲ್ಡ್ ಮಾಡಿ ಅರೆದು ನುಣುಪು ಮಾಡಿದ್ದಾರಾ? ಸ್ಕೆಗ್ ಮುರಿಯುವಷ್ಟು ಹೊಡೆತ ಬಿದ್ದಿದ್ದರೆ ಪ್ರೊಪೆಲ್ಲರ್ ಶಾಫ್ಟ್ ಬಾಗಿರುವ ಸಾಧ್ಯತೆ ಇದೆ. ಪರೀಕ್ಷೆ ಸುಲಭ. ಪ್ಲಗ್ ವೈರ್ ತೆಗೆದು, ನ್ಯೂಟ್ರಲ್‌ನಲ್ಲಿಟ್ಟು, ಶಾಫ್ಟಿನ ತುದಿಗೆ ತಾಗುವಂತೆ ಒಂದು ಕಡ್ಡಿ ನೆಟ್ಟಗೆ ಹಿಡಿಯಿರಿ. ಪ್ರೊಪೆಲ್ಲರನ್ನು ಕೈಯಿಂದ ನಿಧಾನ ತಿರುಗಿಸಿ. ಶಾಫ್ಟ್ ತುದಿ ಕಡ್ಡಿಯಿಂದ ದೂರ ಹೋಗಿ ಹತ್ತಿರ ಬಂದರೆ ಅದು ಬಾಗಿದೆ. ಬಾಗಿದ ಶಾಫ್ಟ್ ಸೀಲನ್ನು ತಿನ್ನುತ್ತದೆ, ಸೀಲ್ ಹೋದರೆ ನೀರು ಗೇರಿಗೆ ಹೋಗುತ್ತದೆ. ಕೊನೆಗೆ ಬೇರಿಂಗ್ ಹೋಗುತ್ತದೆ.

ಚಿಕ್ಕ ಮೋಟಾರ್‌ಗಳಲ್ಲಿ ಹೊಡೆತ ಬಿದ್ದರೆ ಮುರಿಯಲೆಂದೇ ಒಂದು ಮೆತ್ತನೆಯ ಪಿನ್ ಇರುತ್ತದೆ. ಅದರ ಜಾಗದಲ್ಲಿ ಮೊಳೆಯೋ ಗಟ್ಟಿ ಬೋಲ್ಟಿನ ತುಂಡೋ ಇದ್ದರೆ ಅಷ್ಟೂ ಹೊಡೆತ ಗೇರಿನ ಹಲ್ಲಿಗೆ ಹೋಗಿದೆ. ಸ್ವಲ್ಪ ದೊಡ್ಡ ಮೋಟಾರ್‌ಗಳಲ್ಲಿ ಪಿನ್ ಬದಲು ಪ್ರೊಪೆಲ್ಲರ್ ಒಳಗೆ ರಬ್ಬರ್ ಹಬ್ ಇರುತ್ತದೆ. ಎಂಜಿನ್ ಕಿರುಚುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ ಅಂದರೆ ಹಬ್ ಜಾರುತ್ತಿದೆ. ಒಳಗಿನ ಹಬ್ಬಿಗೂ ಹೊರಗಿನ ಲೋಹಕ್ಕೂ ಸೇರಿ ಒಂದು ಗೆರೆ ಎಳೆದು ಓಡಿಸಿ ಬನ್ನಿ. ಗೆರೆ ಒಡೆದು ಬೇರೆಯಾಗಿದ್ದರೆ ಖಾತ್ರಿ.

ಪ್ರೊಪೆಲ್ಲರ್ ಕಳಚಿ ಅದರ ಹಿಂದೆ ನೋಡದೆ ಬರಬೇಡಿ. ಹಿನ್ನೀರಲ್ಲಿ ಮೀನಿನ ಬಲೆ ಎಲ್ಲೆಲ್ಲೂ ಇರುತ್ತದೆ. ನೈಲಾನ್ ದಾರ ಶಾಫ್ಟಿಗೆ ಸುತ್ತಿಕೊಂಡು ಒಳಗೆ ನುಗ್ಗಿ ಸೀಲನ್ನು ಕತ್ತರಿಸುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ.

ಈಗ ಗೇರ್ ಆಯಿಲ್. ಇಡೀ ಪರೀಕ್ಷೆಯಲ್ಲಿ ಒಂದೇ ಒಂದು ಕೆಲಸ ಮಾಡುತ್ತೇನೆ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಮೋಟಾರನ್ನು ರಾತ್ರಿಯಿಡೀ ನೆಟ್ಟಗೆ ನಿಲ್ಲಿಸಿರಬೇಕು. ಮೇಲಿನ ಸ್ಕ್ರೂ ಮುಟ್ಟದೆ ಕೆಳಗಿನ ಸ್ಕ್ರೂ ಮಾತ್ರ ಸ್ವಲ್ಪ ಸಡಿಲಿಸಿ. ನೀರು ಎಣ್ಣೆಗಿಂತ ಭಾರ, ಹಾಗಾಗಿ ಒಳಗೆ ನೀರಿದ್ದರೆ ಮೊದಲು ಅದೇ ತೊಟ್ಟಿಕ್ಕುತ್ತದೆ. ಎಣ್ಣೆ ಹಾಲು ಬೆರೆಸಿದ ಕಾಫಿಯಂತಿದ್ದರೆ ಸೀಲ್ ಹೋಗಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬಹಳ ಕಾಲ ಬದಲಿಸಿಲ್ಲ. ಸ್ಕ್ರೂ ತುದಿಯ ಅಯಸ್ಕಾಂತದಲ್ಲಿ ನುಣ್ಣನೆಯ ಬೂದು ಲೇಪ ಇರುವುದು ಸಹಜ. ಉಗುರಿಗೆ ಸಿಗುವ ಚೂರು ಇದ್ದರೆ ಗೇರ್ ಹಲ್ಲು ಮುರಿದಿದೆ. ಎಣ್ಣೆ ತೀರಾ ಹೊಸದು, ಶುದ್ಧವಾಗಿದೆ ಅಂದರೆ ಖುಷಿಪಡಬೇಡಿ. ಮಾರುವ ಮುಂಚೆ ಬದಲಿಸಿರಬಹುದು. ಅರ್ಧ ಗಂಟೆ ಭಾರ ಹಾಕಿ ಓಡಿಸಿ, ತಣಿಯಲು ಬಿಟ್ಟು, ಮತ್ತೆ ಒಂದು ತೊಟ್ಟು ತೆಗೆದು ನೋಡಿ. ಮೆಕ್ಯಾನಿಕ್ ಸಿಕ್ಕರೆ ಗೇರ್ ಕೇಸಿಗೆ 10ರಿಂದ 15 ಪಿಎಸ್‌ಐ ಒತ್ತಡದ ಗಾಳಿ ತುಂಬಿಸಿ ಕೆಲವು ನಿಮಿಷ ಗೇಜಿನ ಮುಳ್ಳು ಇಳಿಯದೆ ನಿಲ್ಲುತ್ತದಾ ನೋಡಿಸಿ. ಇಳಿದರೆ ಸೋಪು ನೀರು ಹಚ್ಚಿ, ಗುಳ್ಳೆ ಎಲ್ಲಿ ಬರುತ್ತದೋ ಅದೇ ಜಾಗ.

ನೆರೆ ಕಂಡದ್ದು, ಕೊಟ್ಟಿಗೆಯಲ್ಲಿ ಬಿದ್ದಿದ್ದು

ಮುಳುಗಿದ ಎಂಜಿನ್ನನ್ನು ಹೊರಗೆ ಎಷ್ಟು ತೊಳೆದರೂ ಒಳಗಿನ ಕೆಸರು ಉಳಿಯುತ್ತದೆ. ಹಗ್ಗ ಎಳೆಯುವ ಮುಚ್ಚಳದ ಬೋಲ್ಟ್ ಬಿಚ್ಚಿ ಫ್ಲೈವೀಲ್ ಸುತ್ತ ಟಾರ್ಚ್ ಹಾಕಿ. ನುಣ್ಣನೆಯ ಕೆಂಪು ಮಣ್ಣು ಮೂಲೆಯಲ್ಲಿ ಕೂತಿದ್ದರೆ, ವೈರ್ ಕನೆಕ್ಟರ್ ಒಳಗೆ ಹಸಿರು ಪುಡಿ ಇದ್ದರೆ, ಮೇಲಿನ ಮುಚ್ಚಳದ ಸ್ಪಾಂಜಿನಲ್ಲಿ ನೀರಿನ ಗೆರೆ ಕಂಡರೆ ಆ ಮೋಟಾರ್ ಮುಳುಗಿದೆ. ಕ್ರ್ಯಾಂಕ್ ಬೇರಿಂಗಿಗೆ ಹಿಡಿದ ತುಕ್ಕು ಮುಂದೆ ಯಾವತ್ತಾದರೂ ಮೇಲೆ ಬರುತ್ತದೆ. ಬೇಡ.

ಸುಮ್ನೆ ಬಿದ್ದಿದ್ದ ಮೋಟಾರ್ ಬೇರೆ ವಿಷಯ. ಅದರ ಕಾಯಿಲೆ ಸಾಮಾನ್ಯವಾಗಿ ಇಂಧನದಲ್ಲಿ ಇರುತ್ತದೆ, ರಿಪೇರಿ ಆಗುವಂಥದ್ದು. ಈಗ ಬಂಕ್‌ನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ತೇವ ಹೀರುತ್ತದೆ. ನಮ್ಮ ಜೂನ್–ಸೆಪ್ಟೆಂಬರ್ ಮಳೆಯ ತೇವದಲ್ಲಿ ಅರ್ಧ ತುಂಬಿದ ಟ್ಯಾಂಕ್ ಇಟ್ಟರೆ ನೀರು ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಕಾರ್ಬುರೇಟರ್ ಬಟ್ಟಲು ಬಿಚ್ಚಿ ಬಿಳಿ ಹಸಿರು ಪುಡಿ ಇದೆಯಾ ನೋಡಿ. ಹಳೇ ಮೋಟಾರಿನ ಪೈಪ್, ಪಂಪಿನ ರಬ್ಬರ್ ಉಂಡೆ ಗಟ್ಟಿಯಾಗಿದೆಯಾ, ಅಂಟಾಗಿದೆಯಾ ಒತ್ತಿ ನೋಡಿ. ಇವೆಲ್ಲ ಬದಲಿಸಬಹುದಾದ ಸಾಮಾನು. ಆ ಖರ್ಚು ಬೆಲೆಯಲ್ಲಿ ಇಳಿಸಿದರಾಯಿತು.

ಕಂಪ್ರೆಷನ್ ಮತ್ತು ನೀರು

ಗೇಜ್ ಇರುವ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ. ಎಲ್ಲಾ ಪ್ಲಗ್ ತೆಗೆದು, ವೈರುಗಳನ್ನು ಬ್ಲಾಕಿಗೆ ತಾಗಿಸಿಟ್ಟು, ಥ್ರಾಟಲ್ ಆದಷ್ಟು ತೆರೆದು, ಮುಳ್ಳು ಏರುವುದು ನಿಲ್ಲುವ ತನಕ ಹಗ್ಗ ಎಳೆಯಬೇಕು. ಪ್ರತಿ ಸಿಲಿಂಡರಿಗೂ ಅದೇ ರೀತಿ, ಅಷ್ಟೇ ಸಲ. ಒಂದೊಂದರ ಅಂಕಿಗಿಂತ ಎರಡರ ನಡುವಿನ ಅಂತರ ಮುಖ್ಯ. 110 ಮತ್ತು 100 ಪಿಎಸ್‌ಐ ಬಂದರೆ ಸರಿ. 110 ಮತ್ತು 80 ಬಂದರೆ ಒಂದು ಸಿಲಿಂಡರ್ ಸೋತಿದೆ. ಶೇಕಡಾ 10ರ ಒಳಗಿನ ವ್ಯತ್ಯಾಸ ಒಪ್ಪಬಹುದು. ಸೀಮೆಎಣ್ಣೆ ಮಾದರಿಯಾದರೆ ಎರಡೂ ಅಂಕಿ ಕಡಿಮೆಯೇ ಬರುತ್ತವೆ, ಅದನ್ನು ಪೆಟ್ರೋಲ್ ಮಾದರಿಗೆ ಹೋಲಿಸಿ ತಿರಸ್ಕರಿಸಬೇಡಿ.

ಸ್ಟಾರ್ಟ್ ಮಾಡುವಾಗ ಯಾವತ್ತೂ ಒಣ ನೆಲದ ಮೇಲೆ ಬೇಡ. ನೀರಿಲ್ಲದೆ ಓಡಿದರೆ ತಂಪಿನ ನೀರು ಎತ್ತುವ ಇಂಪೆಲ್ಲರಿನ ರಬ್ಬರ್ ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. ಕತ್ತರಿಸಿದ ಡ್ರಮ್ಮಿನಲ್ಲಿ ಪ್ರೊಪೆಲ್ಲರ್ ಮೇಲಿನ ಚಪ್ಪಟೆ ತಟ್ಟೆ ಮುಳುಗುವಷ್ಟು ನೀರು ತುಂಬಿ. ಸ್ಟಾರ್ಟ್ ಆಗಿ ಒಂದು ನಿಮಿಷದೊಳಗೆ ಪಕ್ಕದ ತೂತಿನಿಂದ ನೀರು ಚಿಮ್ಮಬೇಕು. ಬರದಿದ್ದರೆ ಕೂಡಲೇ ನಿಲ್ಲಿಸಿ. ಮೊದಲು ಆ ತೂತಿಗೆ ತೆಳು ತಂತಿ ಹಾಕಿ. ಬಿದ್ದಿದ್ದ ಮೋಟಾರಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿ ಮುಚ್ಚಿರುವುದು ಮಲೆನಾಡಲ್ಲಿ ಮಾಮೂಲು. ತಂತಿ ಹಾಕಿದ ಮೇಲೂ ಬರದಿದ್ದರೆ ಇಂಪೆಲ್ಲರ್ ಹೋಗಿರಬಹುದು. ಮಳೆಗಾಲದ ಕೆಂಪು ನೀರಿನ ಮರಳು ಅದನ್ನು ಬೇಗ ಸವೆಸುತ್ತದೆ. ಇಂಪೆಲ್ಲರ್ ಅಗ್ಗದ ಸಾಮಾನು. ಆದರೆ ಹಳೆಯದರ ರೆಕ್ಕೆ ಮುರಿದಿದ್ದರೆ ಆ ಚೂರು ಎಲ್ಲಿ ಹೋಯಿತು ಅಂತ ಹುಡುಕಲೇಬೇಕು. ನೀರಿನ ದಾರಿಯಲ್ಲಿ ಅದು ಸಿಕ್ಕಿಕೊಂಡಿದ್ದರೆ ಹೊಸ ಇಂಪೆಲ್ಲರ್ ಹಾಕಿದರೂ ಎಂಜಿನ್ ಬಿಸಿಯಾಗುತ್ತದೆ.

ನೀರು ಚಿಮ್ಮಿತು ಅಂತ ಅಷ್ಟಕ್ಕೇ ನಿಲ್ಲಿಸಬೇಡಿ. ಅದು ನೀರಿನ ಒಂದು ಪಕ್ಕದಾರಿ ಮಾತ್ರ. ಇನ್‌ಫ್ರಾರೆಡ್ ಥರ್ಮಾಮೀಟರ್ ಸಿಕ್ಕರೆ ಎರಡೂ ಸಿಲಿಂಡರ್ ತಲೆಯ ಬಿಸಿ ಅಳೆಯಿರಿ. ಥರ್ಮೋಸ್ಟ್ಯಾಟ್ ಸಾಮಾನ್ಯವಾಗಿ ಸುಮಾರು 50ರಿಂದ 60 ಡಿಗ್ರಿಯಲ್ಲಿ ತೆರೆಯುತ್ತದೆ. ಒಂದು ಸಿಲಿಂಡರ್ ಇನ್ನೊಂದಕ್ಕಿಂತ ತೀರಾ ಬಿಸಿ ಇದ್ದರೆ ಒಳದಾರಿ ಕಟ್ಟಿದೆ.

ಕೊನೆಯದಾಗಿ ದೋಣಿಗೆ ಕಟ್ಟಿ, ಜನ ಕೂರಿಸಿ, ಲೈಫ್ ಜಾಕೆಟ್ ಹಾಕಿಕೊಂಡು ಓಡಿಸಿ. ದಡದಿಂದ ದೂರ ಬೇಡ. ಗೇರಿನಲ್ಲಿರುವಾಗ ಸ್ಟಾರ್ಟ್ ಆಗಬಾರದು, ಸ್ಟಾರ್ಟ್ ಆಯಿತು ಅಂದರೆ ಅದರ ಸೇಫ್ಟಿ ಕೆಟ್ಟಿದೆ. ಅಪಾಯದಲ್ಲಿ ನಿಲ್ಲಿಸಲೆಂದು ಇರುವ ಕೆಂಪು ಹಗ್ಗ ಎಳೆದ ಕೂಡಲೇ ಎಂಜಿನ್ ನಿಲ್ಲಬೇಕು. ಪೂರ್ತಿ ಥ್ರಾಟಲ್ ಕೊಟ್ಟಾಗ ಕೈಪಿಡಿಯಲ್ಲಿ ಹೇಳಿದ ಆರ್‌ಪಿಎಂಗೆ ಏರಬೇಕು, ಏರಿ ಹತ್ತು ನಿಮಿಷ ಅಲ್ಲೇ ನಿಲ್ಲಬೇಕು. ಮೊದಲು ಚೆನ್ನಾಗಿ ಓಡಿ ಆಮೇಲೆ ಸೊರಗಿದರೆ ಇಂಧನ ಪಂಪ್ ಅಥವಾ ಬಿಸಿಗೆ ಸೋಲುವ ಕಾಯಿಲ್ (ಪ್ಲಗ್ಗಿನ ಕಿಡಿಗೆ ವಿದ್ಯುತ್ ಕೊಡುವ ಭಾಗ).

ಕಾಗದ ಪತ್ರದ ವಿಷಯ ಚಿಕ್ಕದಾಗಿ. ಮೂಲ ಬಿಲ್ಲು ಕೇಳಿ, ಸಂಖ್ಯೆ ತಾಳೆ ನೋಡಿ. ಸಬ್ಸಿಡಿಯಲ್ಲೋ ಸೊಸೈಟಿ ಸಾಲದಲ್ಲೋ ಕೊಂಡಿದ್ದಾದರೆ ಅದರ ಬಾಕಿ, ಷರತ್ತು ತೀರಿದ ಪತ್ರ ಬೇಕು. 1917ರ ಹಳೇ ಕಾಯ್ದೆಯ ಜಾಗಕ್ಕೆ 2021ರ ಒಳನಾಡು ನೌಕೆಗಳ ಕಾಯ್ದೆ ಬಂದಿದೆ. ಮೋಟಾರ್ ಕಟ್ಟಿದ ದೋಣಿಗೆ ನೋಂದಣಿಯ ನಿಯಮ ಏನು ಅಂತ ಹಣ ಕೊಡುವ ಮುಂಚೆ ವಿಚಾರಿಸಿ.

ಎಲ್ಲಾ ಸರಿ ಕಂಡು ಕೊಂಡಿರಾ? ಮನೆಗೆ ತಂದ ದಿನವೇ ಗೇರ್ ಆಯಿಲ್, ಇಂಪೆಲ್ಲರ್, ಪ್ಲಗ್, ಆನೋಡ್ ಬದಲಿಸಿ, ತಾರೀಕು ಬರೆದಿಡಿ. ಹತ್ತು ಗಂಟೆ ಓಡಿದ ಮೇಲೆ ಗೇರ್ ಕೇಸಿನ ಕೆಳಗಿನ ಸ್ಕ್ರೂ ಮತ್ತೊಮ್ಮೆ ಸಡಿಲಿಸಿ, ಮೊದಲು ಬರುವುದು ಎಣ್ಣೆಯಾ ನೀರಾ ನೋಡಿ.